ಸಹಾಯ ಬೇಕು: ಹಳೇ ಗಣಿಯ ಡಂಪಿನ ಮೇಲೆ ಹುಲ್ಲು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಸಂಡೂರಿನ ಹತ್ತಿರದ ಹಳ್ಳಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ನಿಂತ ಅದಿರಿನ ಗಣಿಯೊಂದು ಮತ್ತೆ ಶುರುವಾಗಲೇ ಇಲ್ಲ. ಅದರ ಡಂಪನ್ನು, ಅಂದರೆ ಗಣಿಯಿಂದ ತೆಗೆದು ಸುರಿದ ಬೇಡದ ಮಣ್ಣು-ಕಲ್ಲಿನ ಗುಡ್ಡೆಯನ್ನು, ಹಸಿರು ಮಾಡಲು ಊರಿನವರಿಗೆ ಒಪ್ಪಿಗೆ ಸಿಕ್ಕಿದೆ. ಕುರಿ, ದನಕ್ಕೆ ಮೇವು ಬೇಕು. ದರೋಜಿ ಕರಡಿಧಾಮ ದೂರವಿಲ್ಲ, ಈ ಗುಡ್ಡದಲ್ಲೂ ಕರಡಿ ಓಡಾಡುತ್ತವೆ. ಅವಕ್ಕೆ ಕಾರೆ, ಬಾರೆ, ಕವಳೆ ಹಣ್ಣಿನ ಪೊದೆಗಳು ಬೇಕು. ಎರಡೂ ಆಗಲೇಬೇಕು ಅನ್ನೋದು ನಮ್ಮ ಹಟ.

ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟ ಹೊಂಗೆ ಸಸಿ ಕೆಳಗಿನ ಸಮತಟ್ಟಿನಲ್ಲಿ ಚೆನ್ನಾಗಿ ಬಂದಿವೆ. ತೊಂದರೆ ಇರೋದು ಇಳಿಜಾರಿನಲ್ಲಿ. ಸ್ಟೈಲೋ ಅನ್ನೋ ಮೇವಿನ ಗಿಡದ ಬೀಜ, ಕರಡದ ಹುಲ್ಲಿನ ಬೀಜ ಎರಚಿದೆವು. ಮೊದಲ ಮಳೆಗೆ ಮೊಳಕೆ ಬರುತ್ತದೆ. ಜೋರು ಮಳೆ ಬಂದರೆ ಕೆಂಪು ಪುಡಿಮಣ್ಣಿನ ಜೊತೆ ಕೊಚ್ಚಿಕೊಂಡು ಹೋಗುತ್ತದೆ. ಉಳಿಯೋದು ಬರೀ ಕಲ್ಲು. ಅಡ್ಡಕ್ಕೆ ಕಲ್ಲಿನ ಸಾಲು ಇಟ್ಟ ಕಡೆ ಮಾತ್ರ, ಸಾಲಿನ ಹಿಂದೆ ಗೇಣಗಲ ಹುಲ್ಲು ನಿಂತಿದೆ. ಅದನ್ನು ನೋಡಿದಾಗಲೇ ಆಸೆ ಹುಟ್ಟೋದು.

ಬಳ್ಳಾರಿ ಜಾಲಿಯಂತೂ ಯಾರೂ ಹಾಕದೆ ತಾನೇ ಹಬ್ಬುತ್ತಿದೆ. ಕಿತ್ತರೆ ಮಣ್ಣು ಜಾರುತ್ತದೆ, ಬಿಟ್ಟರೆ ಹುಲ್ಲಿಗೆ ಜಾಗವೇ ಇರಲ್ಲ. ತೆಂಗಿನ ನಾರಿನ ಚಾಪೆ ಹಾಸಿ ಅಂತ ಕೆಲವರು ಹೇಳಿದರು. ಇಡೀ ಇಳಿಜಾರಿಗೆ ಹಾಸುವಷ್ಟು ದುಡ್ಡು ನಮ್ಮಲ್ಲಿಲ್ಲ.

ಇಂಥ ಜಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಇಳಿಜಾರಿನ ಜಾಲಿಯನ್ನು ಈಗಲೇ ತೆಗೆಯಬೇಕಾ, ಇಲ್ಲಾ ಹುಲ್ಲು ಬೇರು ಬಿಡುವವರೆಗೆ ಬರೀ ಕೊಂಬೆ ಸವರುತ್ತಾ ಇರಬೇಕಾ? ಹುಲ್ಲು ಹಿಡಿದ ಮೇಲೆ ಎಷ್ಟು ಮಳೆಗಾಲ ಕುರಿ ಬಿಡದೆ ಕಾಯಬೇಕು?