ರಾತ್ರಿ ನೀರು ಹಾಯಿಸೋರ ತಲೆದೀಪ: ಪವರ್ ಬ್ಯಾಂಕ್ ಸಾಕೋ, ಬಿಡಿ ಸೆಲ್ ಬೇಕೋ?

ನೀರುಗಂಟಿ, ಸಿಂಧನೂರು:
ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಪಾಳಿ ರಾತ್ರಿ ಬಂತಂದ್ರ ಎಂಟ್ಹತ್ತು ತಾಸು ಬದುವಿನ ಮ್ಯಾಲ ತಿರುಗಾಡಬೇಕು. ಕೈಯಾಗ ಸಲಿಕಿ ಇರತೈತಿ, ಹಂಗಾಗಿ ತಲೀಗೆ ಕಟ್ಟೋ ದೀಪನ ಬೇಕು. 10,000 ಎಂಎಎಚ್ (ಮಿಲಿಆಂಪ್‌ಅವರ್) ಪವರ್ ಬ್ಯಾಂಕಿಗೆ ಯುಎಸ್‌ಬಿ ಹೆಡ್‌ಲ್ಯಾಂಪ್ ಹಚ್ಚಿ ಕಡಿಮೆ ಬೆಳಕಿಗೆ ಇಟ್ರ ಅರ್ಧ ನಿಮಿಷಕ್ಕ ಆರತೈತಿ. ಜೋರು ಬೆಳಕಿಗೆ ಇಟ್ರ ಆರಂಗಿಲ್ಲ. ಕೆಟ್ಟಿದ್ದು ಬ್ಯಾಂಕೋ, ದೀಪೋ? ಬೆಳತನ ನಡಿಯೋ ಹಂಗ ಹೆಂಗ ಜೋಡಿಸಬೇಕು?

ವಾಟ್‌ಲೆಕ್ಕ, ರಾಯಚೂರು:
ಬ್ಯಾಂಕ್ ಕೆಟ್ಟಿಲ್ಲ. ಫೋನ್ ತುಂಬಿದ ಮೇಲೆ ತಾನಾಗಿ ನಿಲ್ಲಲಿ ಅಂತ ಅದರೊಳಗೆ ಒಂದು ಕಾವಲು ಇಟ್ಟಿರುತ್ತಾರೆ. ಹೊರಗೆ ಹೋಗುವ ಕರೆಂಟ್ 50ರಿಂದ 100 ಮಿಲಿಆಂಪ್‌ಗಿಂತ ಕೆಳಗೆ ಇಳಿದರೆ ಕೆಲಸ ಮುಗಿಯಿತು ಅಂದುಕೊಂಡು ಅದು ಬಾಗಿಲು ಹಾಕುತ್ತದೆ. ಈ ಗಡಿ ಒಂದೊಂದು ಮಾಡೆಲ್‌ಗೆ ಒಂದೊಂದು. ಕಡಿಮೆ ಬೆಳಕಿನಲ್ಲಿ ಸಣ್ಣ ದೀಪ ಎಳೆಯುವುದೇ 30–40 ಮಿಲಿಆಂಪ್.

ಆದರೆ ಮೊದಲು ನೋಡಬೇಕಾದ್ದು ಬೇರೆ: ದೀಪದೊಳಗೆ ಸೆಲ್ ಇದೆಯೋ ಇಲ್ಲವೋ? ಸೆಲ್ ಇದ್ದರೆ ಬ್ಯಾಂಕ್ ಬಾಗಿಲು ಹಾಕಿದರೂ ದೀಪ ತನ್ನ ಸೆಲ್ ಮೇಲೆ ಉರಿಯುತ್ತಲೇ ಇರುತ್ತದೆ. ನಿಮ್ಮದು ಥಟ್ಟನೆ ಆರುತ್ತದೆ ಅಂದರೆ ಅದು ಸೆಲ್ ಇಲ್ಲದ ಮಾದರಿ, ಇಲ್ಲವೇ ಒಳಗಿನ ಸೆಲ್ ಸತ್ತಿದೆ. ವೈರ್ ಕಿತ್ತು ಒಮ್ಮೆ ಹಚ್ಚಿ ನೋಡಿ, ಗೊತ್ತಾಗುತ್ತದೆ. ಹಾವು ಓಡಾಡುವ ಬದುವಿನ ಮೇಲೆ ಥಟ್ಟನೆ ಕತ್ತಲಾಗುವ ದೀಪ ಬೇಡವೇ ಬೇಡ. ಸೆಲ್ ಇರುವುದನ್ನೇ ತನ್ನಿ.

ಕತ್ತಲಕೊಯ್ಲು, ಕಾರಟಗಿ:
ನನ್ನ ಪ್ರಕಾರ ಬ್ಯಾಂಕೇ ಬೇಡ. 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್) ಬದಲಾಯಿಸಬಹುದಾದ ಹೆಡ್‌ಲ್ಯಾಂಪ್ ತೊಗೊಂಡು, ಎರಡು ಹೆಚ್ಚುವರಿ ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಲೆಕ್ಕ ನೋಡಿ: 10,000 ಎಂಎಎಚ್ ಅನ್ನೋದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ 37 ವಾಟ್‌ಅವರ್. ಅದನ್ನು 5 ವೋಲ್ಟ್‌ಗೆ ಏರಿಸುವಾಗ ನೂರಕ್ಕೆ ಹದಿನೈದರಷ್ಟು ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು ಸುಮಾರು 31 ವಾಟ್‌ಅವರ್, 5 ವೋಲ್ಟ್ ಲೆಕ್ಕದಲ್ಲಿ 6,300 ಎಂಎಎಚ್. ಅಗ್ಗದ ಹೆಡ್‌ಲ್ಯಾಂಪಿನ ಚಾರ್ಜರ್ ಚಿಪ್ ಮತ್ತೆ 5ನ್ನು ಸೆಲ್ ವೋಲ್ಟೇಜ್‌ಗೆ ಇಳಿಸಿ, ಉಳಿದದ್ದನ್ನು ಸುಡುತ್ತದೆ. ಏರಿಸುವಾಗ ಒಂದು ಸುಂಕ, ಇಳಿಸುವಾಗ ಇನ್ನೊಂದು. 2,500ರ ಸೆಲ್ಲನ್ನು ಎರಡೂವರೆ ಸಲ ತುಂಬಿದರೆ ಬ್ಯಾಂಕ್ ಖಾಲಿ. ಅಷ್ಟಕ್ಕೆ ಸೊಂಟದಲ್ಲಿ 200 ಗ್ರಾಂಗೂ ಮೇಲಿನ ಭಾರ. ಮೂರು ಬಿಡಿ ಸೆಲ್ ಸೇರಿದರೂ 140 ಗ್ರಾಂ ಆಸುಪಾಸು.

ವಾಟ್‌ಲೆಕ್ಕ, ರಾಯಚೂರು:
ಲೆಕ್ಕ ಸರಿ, ಒಪ್ಪಿದೆ. ಆದರೆ ಸೆಲ್ ಬದಲಾಯಿಸುವುದು ಎಲ್ಲಿ? ಮೊಣಕಾಲುದ್ದ ಕೆಸರಿನಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ. ಪ್ಲಸ್ ಮೈನಸ್ ತಿರುಗಿಸಿ ಹಾಕಿದರೆ ರಕ್ಷಣೆ ಇಲ್ಲದ ಸರ್ಕ್ಯೂಟ್ ಅಲ್ಲೇ ಹೋಯಿತು. ಬಿಡಿ ಸೆಲ್ ಜೇಬಿನಲ್ಲಿ ಕೀಲಿಕೈ ಜೊತೆ ಬಿದ್ದರೆ ಶಾರ್ಟ್ ಆಗಿ ತೊಡೆ ಸುಡುತ್ತದೆ. ಬ್ಯಾಂಕ್ ಇದ್ದರೆ ಮೋಟಾರಿಗೆ ಮಿಸ್ಡ್ ಕಾಲ್ ಕೊಡುವ ಫೋನೂ ಬದುಕಿರುತ್ತದೆ.

ರಿಪೇರಿಮನೆ, ಸಿರುಗುಪ್ಪ:
ಬಿಡಿ ಸೆಲ್ ತರೋರಿಗೆ ಒಂದು ಮಾತು. 18650 ಅಳತೆಯಲ್ಲಿ ಒಳ್ಳೆ ಕಂಪನಿ ಸೆಲ್ 3,500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಮೇಲೆ 9,900 ಅಂತ ಬರೆದಿದ್ದರೆ ಅದು ಸುಳ್ಳು. ಮೂರು ಸೆಲ್ ಒಟ್ಟಿಗೆ ಕಿರಾಣಿ ಅಂಗಡಿ ತಕ್ಕಡಿ ಮೇಲಿಡಿ. 135 ಗ್ರಾಂಗಿಂತ ತೀರಾ ಕಡಿಮೆ ತೂಗಿದರೆ ವಾಪಸ್ ಕೊಡಿ. ಬ್ಯಾಂಕಿಗೂ ಹಾಗೇ: ದೊಡ್ಡಕ್ಷರದ 10,000 ಬಿಟ್ಟು ಹಿಂಬದಿಯ ಸಣ್ಣಕ್ಷರದಲ್ಲಿ 5 ವೋಲ್ಟ್‌ಗೆ ರೇಟೆಡ್ ಕೆಪಾಸಿಟಿ ಎಷ್ಟು ಅಂತ ಓದಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇಲ್ಲದ್ದು ಮುಟ್ಟಬೇಡಿ.

ನೀರುಗಂಟಿ, ಸಿಂಧನೂರು:
ವೈರ್ ಕಿತ್ತರ ದೀಪ ಹತ್ತಂಗಿಲ್ಲ, ಸೆಲ್ ಇಲ್ಲದ್ದ ಇದು. ಹೊಸದು ತರೋತನಕ ಇದನ್ನ ಉಳಿಸಿಕೊಳ್ಳಾಕ ದಾರಿ ಐತೇನು?

ರಿಪೇರಿಮನೆ, ಸಿರುಗುಪ್ಪ:
ಇದೆ. ಕೆಲವು ಬ್ಯಾಂಕಿನಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟ್ ಮೋಡ್ ಬರುತ್ತದೆ, ಇಯರ್‌ಫೋನ್ ಚಾರ್ಜ್‌ಗೆ ಕೊಟ್ಟಿದ್ದು. ಅದು ಎರಡು ತಾಸಿಗೆ ತಾನೇ ಮುಗಿಯುವುದುಂಟು, ಮತ್ತೆ ಒತ್ತಬೇಕು. ಅದಿಲ್ಲದಿದ್ದರೆ 47 ಓಮ್, 2 ವಾಟ್ ರೆಸಿಸ್ಟರ್ ಒಂದನ್ನು ಯುಎಸ್‌ಬಿ ಪ್ಲಗ್‌ನ ಕೆಂಪು-ಕಪ್ಪು ತಂತಿ ನಡುವೆ ಬೆಸುಗೆ ಹಾಕಿ, ದೀಪದ ಜೊತೆ ಹಚ್ಚಿ. ಅದು ಒಂದೇ 106 ಮಿಲಿಆಂಪ್ ಎಳೆಯುತ್ತದೆ, ಬ್ಯಾಂಕ್ ಮಲಗುವುದಿಲ್ಲ. ಕಾಲು ವಾಟ್‌ನದು ಹಾಕಬೇಡಿ, ಅರ್ಧ ವಾಟ್‌ಗೂ ಮೀರಿದ ಶಾಖಕ್ಕೆ ಕಪ್ಪಾಗುತ್ತದೆ.

ಕತ್ತಲಕೊಯ್ಲು, ಕಾರಟಗಿ:
ಹತ್ತು ತಾಸಿಗೆ 5.3 ವಾಟ್‌ಅವರ್! ಕೈಗೆ ಸಿಗುವ 31ರಲ್ಲಿ ಆರನೇ ಒಂದು ಪಾಲು ಬರೀ ಬಿಸಿಗೆ. 40 ಮಿಲಿಆಂಪ್ ದೀಪ ಇಡೀ ರಾತ್ರಿ ತಿನ್ನೋದೇ 2. ಬೆಳಕಿಗಿಂತ ಶಾಖಕ್ಕೇ ಹೆಚ್ಚು ಕೊಟ್ಟಂಗಾಯ್ತು.

ವಾಟ್‌ಲೆಕ್ಕ, ರಾಯಚೂರು:
ಹಾಗಾದರೆ ಆ ಅರ್ಧ ವಾಟ್ ರೆಸಿಸ್ಟರ್‌ಗೆ ಯಾಕೆ, ಇನ್ನೊಂದು ಬೆಳಕಿಗೇ ಕೊಡಿ. ಬ್ಯಾಂಕಿನ ಎರಡನೇ ಪೋರ್ಟಿಗೆ ಪೆನ್‌ಡ್ರೈವ್ ಗಾತ್ರದ ಯುಎಸ್‌ಬಿ ಎಲ್‌ಇಡಿ ಹಚ್ಚಿ ಕೆಳಮುಖವಾಗಿ ತಿರುಗಿಸಿ. ಸೊಂಟದಿಂದ ಬೀಳುವ ಬೆಳಕಿಗೆ ಕಾಲಡಿಯ ತಗ್ಗಿನ ನೆರಳು ಕಾಣುತ್ತದೆ. ಹಣೆ ಮೇಲಿನ ದೀಪ ಕಣ್ಣಿನ ನೇರಕ್ಕೇ ಇರುವುದರಿಂದ ನೆರಳು ಅಡಗಿ ತಗ್ಗು ಸಪಾಟಾಗಿ ಕಾಣುತ್ತದೆ. ಬಹಳಷ್ಟು ಬ್ಯಾಂಕಿನಲ್ಲಿ ಎರಡೂ ಪೋರ್ಟಿಗೆ ಒಂದೇ ಸರ್ಕ್ಯೂಟ್ ಇರುವುದರಿಂದ ಕರೆಂಟ್ ಒಟ್ಟುಗೂಡುತ್ತದೆ. ಮನೆಯಲ್ಲೇ ಹತ್ತು ನಿಮಿಷ ಹಚ್ಚಿಟ್ಟು ನೋಡಿ, ಆಮೇಲೆ ಹೊಲಕ್ಕೆ.

ಕತ್ತಲಕೊಯ್ಲು, ಕಾರಟಗಿ:
ಅದು ಒಳ್ಳೇದು. ಇದಕ್ಕೆ ತಕರಾರಿಲ್ಲ.

ತೂಬು_42, ಮಾನ್ವಿ:
ನಡುವೆ ಕೇಳ್ತೀನಿ. ಸೆಲ್ ಇರೋ ಹೊಸ ಹೆಡ್‌ಲ್ಯಾಂಪ್, ಟೈಪ್ ಸಿ ಪೋರ್ಟ್. ಎರಡೂ ಕಡೆ ಸಿ ಇರೋ ವೈರ್ ಹಾಕಿದ್ರೆ ಚಾರ್ಜ್ ಆಗಲ್ಲ, ಹಳೇ ದೊಡ್ಡ ಪ್ಲಗ್ ವೈರ್‌ಗೆ ಆಗುತ್ತೆ. ಯಾಕೆ?

ರಿಪೇರಿಮನೆ, ಸಿರುಗುಪ್ಪ:
ಸಿ ಪೋರ್ಟ್ ಸುಮ್ಮನೆ 5 ವೋಲ್ಟ್ ಬಿಡುವುದಿಲ್ಲ. ಎದುರಿನ ಸಾಧನದಲ್ಲಿ ಸಿಸಿ ಪಿನ್‌ನಿಂದ (ಏನು ಹಚ್ಚಿದ್ದಾರೆ ಅಂತ ಗುರುತಿಸುವ ಪಿನ್) ಗ್ರೌಂಡಿಗೆ 5.1 ಕಿಲೋಓಮ್ ರೆಸಿಸ್ಟರ್ ಕಂಡರೆ ಮಾತ್ರ ಬಿಡುತ್ತದೆ. ಅಗ್ಗದ ದೀಪದಲ್ಲಿ ಆ ರೆಸಿಸ್ಟರ್ ಹಾಕಿರುವುದೇ ಇಲ್ಲ. ದೊಡ್ಡ ಎ ಪೋರ್ಟ್ ಯಾರನ್ನೂ ಕೇಳದೆ 5 ವೋಲ್ಟ್ ಕೊಡುತ್ತದೆ. ಬ್ಯಾಂಕಿನಲ್ಲಿ ಸಿ ಒಂದೇ ಇದ್ದರೆ ಫೋನಿಗೆ ಪೆನ್‌ಡ್ರೈವ್ ಹಚ್ಚುವ ಒಟಿಜಿ ಅಡಾಪ್ಟರ್ ನಡುವೆ ಹಾಕಿ. ಅದರೊಳಗೆ ಆ 5.1 ಇರುತ್ತದೆ.

ವೈರ್ ದಪ್ಪವೂ ನೋಡಿ. 28 ಗೇಜ್‌ನ ತೆಳು ತಂತಿಯ ಒಂದೂವರೆ ಮೀಟರ್ ಕೇಬಲ್‌ನಲ್ಲಿ, ಹೋಗಿಬರುವ ಎರಡೂ ಎಳೆ ಸೇರಿ, 1 ಆಂಪ್‌ಗೆ 0.6 ವೋಲ್ಟ್‌ಗೂ ಮೇಲೆ ಬೀಳುತ್ತದೆ. ದೀಪಕ್ಕೆ ಮುಟ್ಟುವುದು 4.4ರ ಹತ್ತಿರ, ಕೊನೆಕೊನೆಗೆ ಸೆಲ್ ತುಂಬುವುದೇ ನಿಧಾನ. ಅದಕ್ಕಿಂತ ದಪ್ಪನೆಯ 24 ಗೇಜ್ ಆದರೆ ಕಾಲು ವೋಲ್ಟ್ ಅಷ್ಟೇ.

ಕತ್ತಲಕೊಯ್ಲು, ಕಾರಟಗಿ:
ವೈರ್ ತಲೆಗೆ ಕಟ್ಟಿಕೊಂಡೇ ಓಡಾಡೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವೈರ್ ಹಚ್ಚಿದರೆ ರಬ್ಬರ್ ಮುಚ್ಚಳ ತೆರೆದೇ ಇರಬೇಕು, ನೀರು ತಡೆಯೋ ಗುಣ ಅಲ್ಲಿಗೆ ಮುಗೀತು. ಜೋಳದ ಹೊಲದಲ್ಲಿ ದಂಟಿಗೆ ವೈರ್ ಸಿಕ್ಕಿ ಎಳೆದರೆ ಸಾಕೆಟ್ ಬೋರ್ಡಿನಿಂದಲೇ ಕಿತ್ತು ಬರುತ್ತದೆ.

ವಾಟ್‌ಲೆಕ್ಕ, ರಾಯಚೂರು:
ಇದು ನಿಜ. ಸೆಲ್ ಇರುವ ದೀಪಕ್ಕೆ ವೈರ್ ಸದಾ ಬೇಕಾಗಿಯೂ ಇಲ್ಲ. ತೂಬು ತಿರುವಿ ಮಡಿ ತುಂಬುವತನಕ ಕೂರುತ್ತೀರಲ್ಲ, ಆ ಅರ್ಧ ತಾಸು ವೈರ್ ಹಚ್ಚಿದರೆ 1 ಆಂಪ್ ಚಾರ್ಜರ್‌ನಲ್ಲಿ 500 ಎಂಎಎಚ್ ಒಳಗೆ ಹೋಯಿತು. ಉರಿಯುತ್ತಲೇ ಚಾರ್ಜ್ ಮಾಡಬೇಡಿ. ಕರೆಂಟ್ ಹತ್ತನೇ ಒಂದಕ್ಕೆ ಇಳಿದರೆ ಸೆಲ್ ತುಂಬಿತು ಅಂತ ದೀಪದೊಳಗಿನ ಚಾರ್ಜರ್ ಚಿಪ್ ತಿಳಿಯುತ್ತದೆ. ದೀಪ ನಡುವೆ ಎಳೆಯುತ್ತಿದ್ದರೆ ಆ ಹಂತವೇ ಬರುವುದಿಲ್ಲ, ಸೆಲ್ 4.2 ವೋಲ್ಟ್‌ನಲ್ಲೇ ತೂಗಾಡುತ್ತದೆ. ದಿನಾ ಹೀಗಾದರೆ ಬೇಗ ಮುದಿಯಾಗುತ್ತದೆ. ವೈರ್ ಹಚ್ಚಿಕೊಂಡೇ ನಡೆಯಬೇಕಾದವರು ಅದನ್ನು ಬೆನ್ನ ಮೇಲಿಂದ ಇಳಿಬಿಟ್ಟು, ಕಾಲರ್ ಹತ್ತಿರ ಪಿನ್ನಿನಿಂದ ಹಿಡಿಸಿ, ಕತ್ತು ತಿರುಗಲು ಒಂದು ಗೇಣು ಸಡಿಲ ಬಿಡಿ.

ನೀರುಗಂಟಿ, ಸಿಂಧನೂರು:
ಬ್ಯಾಸಿಗಿ ಭತ್ತಕ್ಕ ಬ್ಯಾಂಕನ್ನ ದಿನಾ ತುಂಬಿಸಬೇಕು. ತಗಡಿನ ಶೆಡ್ಡಿನ್ಯಾಗ ಮಧ್ಯಾಹ್ನ ಚಾರ್ಜಿಗೆ ಇಟ್ರ ನಡೀತೈತಾ?

ರಿಪೇರಿಮನೆ, ಸಿರುಗುಪ್ಪ:
ಬೇಡ. ಲಿಥಿಯಂ ಸೆಲ್ ಚಾರ್ಜ್ ಮಾಡಲು ಮೇಲ್ಮಿತಿ 45 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 42 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಮೇಲೆ. ಸೆಲ್ ಉಬ್ಬಿ ಬ್ಯಾಂಕಿನ ಹೊಟ್ಟೆ ಬಾಯಿಬಿಟ್ಟರೆ ಅದನ್ನು ಮತ್ತೆ ಬಳಸುವ ಮಾತೇ ಇಲ್ಲ. 2 ಆಂಪ್ ಚಾರ್ಜರ್‌ಗೆ ಐದು ತಾಸು ಸಾಕು, ಹಳೇ 1 ಆಂಪ್‌ದಾದರೆ ಒಂಬತ್ತು. ಪಾಳಿ ಮುಗಿಸಿ ನಸುಕಿಗೆ ಬಂದವರು 5 ಗಂಟೆಗೆ ಮನೆಯೊಳಗಿನ ಗಾರೆ ನೆಲದ ಮೇಲಿಟ್ಟು ಹಚ್ಚಿ, 10ಕ್ಕೆ ತೆಗೆಯಿರಿ. ಹಾಸಿಗೆ, ಗೋಣಿಚೀಲದ ಮೇಲೆ ಇಡಬೇಡಿ.