ಪದಚರ್ಚೆ: ‘ಜರಗಲಿರುವುದು’ – ಇಂಗ್ಲಿಷಿನಲ್ಲಿ ಏನಂತ ಹಾಕೋದು? (ಸಂಜೆಯೊಳಗೆ ಬೇಕು)

ಕಡಲಮನೆ:
ನಮಸ್ಕಾರ. ನಮ್ಮೂರ ಬಯಲಾಟದ ಫ್ಲೆಕ್ಸು ಇವತ್ತು ಸಂಜೆ ಪ್ರಿಂಟಿಗೆ ಹೋಗಬೇಕು. ಬೀಚಿನ ಹೋಂಸ್ಟೇಗಳಲ್ಲಿ ಹೊರದೇಶದವರು ಇದ್ದಾರೆ, ಅವರಿಗೂ ಒಂದು ಇಂಗ್ಲಿಷ್ ಬೋರ್ಡು ಇರಲಿ ಅಂತ ಸಮಿತಿಯವರ ಹಟ. ಕನ್ನಡದ್ದು ಹೀಗಿದೆ: “ದಿನಾಂಕ 14ನೇ ಫೆಬ್ರವರಿ ಶನಿವಾರ ರಾತ್ರಿ ಗಂಟೆ 7.00ಕ್ಕೆ ಸರಿಯಾಗಿ ಚೌಕಿ ಪೂಜೆ, ಬಳಿಕ 12.00ರ ತನಕ ಕಾಲಮಿತಿ ಯಕ್ಷಗಾನ ಬಯಲಾಟ ಜರಗಲಿರುವುದು. ಆದರದ ಸ್ವಾಗತ ಬಯಸುವ – ಊರ ಹತ್ತು ಸಮಸ್ತರು.”

ಹುಡುಗರು ಬರೆದುಕೊಟ್ಟದ್ದು: “ಯಕ್ಷಗಾನ ಪ್ರೋಗ್ರಾಂ ಈಸ್ ಸ್ಕೆಡ್ಯೂಲ್ಡ್ ಟು ಬಿ ಕಂಡಕ್ಟೆಡ್ ಆನ್ 14ತ್ ನೈಟ್, 7 ಪಿಎಂ ಶಾರ್ಪ್ ಟು 12 ಪಿಎಂ.” ವ್ಯಾಕರಣದ ತಪ್ಪು ಕಾಣುವುದಿಲ್ಲ, ಆದರೂ ಓದಿದರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ನೋಟಿಸಿನ ಹಾಗಿದೆ.

ಅನುವಾದಿ:
‘ಕಂಡಕ್ಟೆಡ್’ ತೆಗೆಯಿರಿ. ಅದು ಪರೀಕ್ಷೆಗೆ, ತನಿಖೆಗೆ, ಸಮೀಕ್ಷೆಗೆ. ಆಟವನ್ನು ಕಂಡಕ್ಟ್ ಮಾಡುವವರು ಹಾಡಿ ಆಡಿಸುವ ಭಾಗವತರು, ಸಮಿತಿಯಲ್ಲ. ‘ವಿಲ್ ಬಿ ಹೆಲ್ಡ್’ ಸಭೆಗೆ, ಚುನಾವಣೆಗೆ ಚೆನ್ನಾಗಿ ಹೊಂದುತ್ತದೆ, ಆಟಕ್ಕೆ ಅಷ್ಟಕ್ಕಷ್ಟೆ. ‘ಸ್ಕೆಡ್ಯೂಲ್ಡ್’ ಅಂದರೆ ‘ಸದ್ಯಕ್ಕೆ ಹೀಗಂದುಕೊಂಡಿದ್ದೇವೆ, ಮುಂದೆ ನೋಡೋಣ’ ಎಂಬ ವಾಸನೆ.

ಅವರ ಪೋಸ್ಟರುಗಳಲ್ಲಿ ಹೆಚ್ಚಾಗಿ ಕ್ರಿಯಾಪದವೇ ಇರುವುದಿಲ್ಲ. ಏನು, ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಮುಗಿಯಿತು. ಕ್ರಿಯಾಪದ ಬೇಕೇ ಬೇಕೆಂದರೆ ‘ಬಿಗಿನ್ಸ್ ಅಟ್ 7’. ನಾವೂ “ಬಸ್ಸು ಆರಕ್ಕೆ ಹೊರಡುತ್ತದೆ” ಅಂತೀವಲ್ಲ, ಹಾಗೆ.

ಇನ್ನೊಂದು, ಇದು ಮುಖ್ಯ. ‘12 ಪಿಎಂ’ ಅಂದರೆ ಅವರಿಗೆ ಮಧ್ಯಾಹ್ನ. ಐದು ಗಂಟೆಯ ಆಟ ಹದಿನೇಳು ಗಂಟೆಯದಾಗುತ್ತದೆ. ‘ಮಿಡ್‌ನೈಟ್’ ಎಂದೇ ಹಾಕಿ.

ಹಳೆಮೇಷ್ಟ್ರು:
‘ಸ್ಕೆಡ್ಯೂಲ್’ ಲ್ಯಾಟಿನ್ನಿನ ‘ಸ್ಕೆಡುಲಾ’, ಚಿಕ್ಕ ಪಪೈರಸ್ ಚೂರು. ಅಂದರೆ ನಮ್ಮ ಓಲೆ. ‘ಓಲೆ ಬರೆದಾಗಿದೆ’ ಎಂಬ ಅರ್ಥದಲ್ಲಿ ಅದನ್ನೇ ಉಳಿಸಿಕೊಳ್ಳಬಹುದಲ್ಲ? ‘ಜರಗು’ ಕೂಡ ಸಾಮಾನ್ಯದ್ದಲ್ಲ. ಮೂಲದಲ್ಲಿ ಸರಿ, ಜಾರು. ಮಂಗಳೂರಿನಲ್ಲೇ 1894ರಲ್ಲಿ ಅಚ್ಚಾದ ಕಿಟ್ಟೆಲ್ ಕೋಶ ತೆಗೆದು ನೋಡಿ, ಆಮೇಲೆ ಬರೆಯಿರಿ.

ಅನುವಾದಿ:
ಮೇಷ್ಟ್ರೇ, ಫ್ಲೆಕ್ಸು ಓದುವವರು ಲ್ಯಾಟಿನ್ ಓದಿ ಬರುವುದಿಲ್ಲ.

ನುಡಿಗ:
ಮೊದಲು ನಿಮ್ಮ ಕನ್ನಡ ಸರಿಪಡಿಸಿಕೊಳ್ಳಿ. ‘ಜರಗಲಿರುವುದು’, ‘ನಡೆಯಲಿದೆ’ ಇವೆಲ್ಲ ಸುದ್ದಿಹಾಳೆಯವರು ಇಂಗ್ಲಿಶಿನಿಂದ ಎತ್ತಿ ತಂದದ್ದು. ಮನೆಯಲ್ಲಿ ಯಾರಾದರೂ “ಇವತ್ತು ಊಟ ಜರಗಲಿದೆ” ಅಂತಾರಾ? ಕನ್ನಡಕ್ಕೆ ಇರುವುದು ಎರಡೇ ಹೊತ್ತು, ಆದದ್ದು ಮತ್ತು ಆಗದ್ದು. ನುಡಿಯರಿಗ ಡಿ.ಎನ್. ಶಂಕರಬಟ್ಟರು ಇದನ್ನು ಎಶ್ಟೋ ಸಲ ಬರೆದಾಗಿದೆ. ‘ಆಟ ಇದೆ’ ಸಾಕು.

ಹಳೆಮೇಷ್ಟ್ರು:
13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಭೂತಕ್ಕೆ ‘ದ’ ಪ್ರತ್ಯಯ, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಬೇರೆ ಬೇರೆ ಹೇಳಿದ್ದಾನೆ. ಎರಡೇ ಕಾಲವಂತೆ! ಬರಹದಲ್ಲಿ ಮಹಾಪ್ರಾಣ ಬಿಟ್ಟವರು ಕಾಲವನ್ನೂ ಬಿಟ್ಟರು.

ನುಡಿಗ:
ಕೇಶಿರಾಜ ನಿಮ್ಮ ಪ್ಲೆಕ್ಸು ಓದಲು ಬರುವುದಿಲ್ಲ. ‘ದಪ’ ಈಗ ಯಾರ ಬಾಯಲ್ಲಿದೆ?

ಮದ್ದಲೆ:
ಜಗಳ ಆಮೇಲೆ. ‘ಆಟ ಇದೆ’ ಎಂಬುದು ನಮ್ಮ ಕಡೆ ನಿಜವಾಗಿ ಹೇಳುವ ಮಾತು, ಆ ಒಂದು ವಿಷಯದಲ್ಲಿ ನುಡಿಗರ ಪಕ್ಷ. ಆದರೆ ಇಂಗ್ಲಿಷಿನಲ್ಲಿ ತೊಡಕು ಬೇರೆಯೇ ಇದೆ. ‘ಶಾರ್ಪ್’ ಬರೆದರೆ ಹೊರದೇಶದವರು ಆರೂಮುಕ್ಕಾಲಿಗೇ ಬಂದು ಕೂರುತ್ತಾರೆ. ಏಳಕ್ಕೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಪೂಜೆ, ಅಲ್ಲಿಂದ ರಂಗಸ್ಥಳಕ್ಕೆ ಬಂದು, ಕಥೆಗೆ ಮೊದಲಿನ ಪೂರ್ವರಂಗ ಮುಗಿದು, ಕಥೆ ಹಿಡಿಯುವಾಗ ಎಂಟು. ಅಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ಎರಡು ಗಂಟೆ ಹಾಕಿ, ಪೂಜೆಯದ್ದು ಒಂದು, ಕಥೆಯದ್ದು ಒಂದು.

‘14ತ್ ನೈಟ್’ ಕೂಡ ಎಚ್ಚರ. ನಮಗೆ 14ರ ರಾತ್ರಿ ಅಂದರೆ ಬೆಳಗಿನ ಜಾವದ ತನಕ 14ರದ್ದೇ. ಅವರಿಗೆ ಹನ್ನೆರಡು ಬಾರಿಸಿದರೆ 15. ಇಡೀ ರಾತ್ರಿಯ ಆಟವಾಗಿದ್ದರೆ ಎರಡು ತಾರೀಖು ಬೇಕಿತ್ತು. ಕಾಲಮಿತಿ ಅಂತ ಬಚಾವಾದಿರಿ.

ಕಡಲಮನೆ:
ಅದೇ ಕೇಳಬೇಕೆಂದಿದ್ದೆ. ‘ಕಾಲಮಿತಿ’ಗೆ ‘ಟೈಮ್ ಲಿಮಿಟೆಡ್’ ಅಂದಿದ್ದಾರೆ.

ಅನುವಾದಿ:
ಅಯ್ಯೋ, ಬೇಡ. ಅಂಗಡಿಯ ರಿಯಾಯಿತಿ ಮಾರಾಟದ ಹಾಗಾಗುತ್ತದೆ. ಇಡೀ ರಾತ್ರಿ ಆಟ ಎಂಬುದೊಂದು ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ‘ಕಾಲಮಿತಿ’ಗೆ ಅರ್ಥ. ಬಂದವರಿಗೆ ಬೇಕಾದದ್ದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು. ‘ಎಂಡ್ಸ್ ಅಟ್ ಮಿಡ್‌ನೈಟ್’ ಅಂದರೆ ಕಾಲಮಿತಿಯೂ ಅದರಲ್ಲೇ ಬಂತು.

ನುಡಿಗ:
‘ಕಾಲಮಿತಿ’ ಎರಡೂ ಸಂಸ್ಕ್ರುತ. ‘ಗಡುವಿನಾಟ’ ಅನ್ನಬಹುದು.

ಮದ್ದಲೆ:
ಗಡುವಿನಾಟ ಅಂದರೆ ಮೇಳದ ಯಜಮಾನರು ಸಾಲ ವಸೂಲಿಗೆ ಬಂದರು ಅಂದುಕೊಂಡಾರು.

ಕಡಲಮನೆ:
ಪ್ರಿಂಟಿನವನ ಫೋನು ಮೂರನೇ ಸಲ. ಇದನ್ನು ಕಳಿಸಿಬಿಟ್ಟೆ: “ಯಕ್ಷಗಾನ. ಸ್ಯಾಟರ್ಡೇ 14 ಫೆಬ್ರವರಿ. ಚೌಕಿ ಪೂಜೆ, ಬ್ಯಾಕ್‌ಸ್ಟೇಜ್ ವರ್ಷಿಪ್, 7 ಪಿಎಂ. ದ ಸ್ಟೋರಿ ಬಿಗಿನ್ಸ್ ಅಟ್ 8 ಅಂಡ್ ಎಂಡ್ಸ್ ಅಟ್ ಮಿಡ್‌ನೈಟ್. ಫ್ರೀ. ಎವರಿವನ್ ವೆಲ್ಕಮ್.” ಹತ್ತು ಸಮಸ್ತರನ್ನು ಏನು ಮಾಡುವುದೆಂದು ತಿಳಿಯದೆ ಬಿಟ್ಟೆ. ಕಾರ್ಯದರ್ಶಿ ಈಗಲೇ ಸಿಟ್ಟಾಗಿದ್ದಾರೆ, “ಹಾಗಾದರೆ ಕರೆದದ್ದು ಯಾರು?” ಅಂತ.

ಹಳೆಮೇಷ್ಟ್ರು:
‘ಹತ್ತು’ ಇಲ್ಲಿ ಸಂಖ್ಯೆಯಲ್ಲ. ವಿವರವಾಗಿ ನಾಳೆ ಬರೆಯುತ್ತೇನೆ.