ಅಪ್‌ಡೇಟ್: ಕೋಲಾರದ ಕ್ಲಸ್ಟರ್‌ಗೆ ಹಳೇ ಡೇಟಾ ಬಂತು

ನಾನು ಕೇಳಿದ್ದಿಷ್ಟು: ತುಮಕೂರಿನ ಕ್ಯಾಸಂಡ್ರಾಗೆ (ಡೇಟಾವನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ಡೇಟಾಬೇಸ್) ಕೋಲಾರದಲ್ಲಿ ಎರಡನೇ ಡೇಟಾಸೆಂಟರ್ ಸೇರಿಸಿದ್ದೇವೆ, ಎರಡೂ ಕಡೆ ಮೂರು ಮೂರು ನೋಡ್ (ಸರ್ವರ್). ಹಾಲು ಸಂಗ್ರಹದ ಹೊಸ ಲೆಕ್ಕ ಕೋಲಾರದಲ್ಲಿ ಕಾಣುತ್ತೆ, ಹಳೇದು ಖಾಲಿ ಬರುತ್ತೆ, ಯಾಕೆ?

ಈಗ ಸರಿಹೋಗಿದೆ. ಕೀಸ್ಪೇಸ್ ಅಂದರೆ ಟೇಬಲ್‌ಗಳ ಗುಂಪು; ಅದಕ್ಕೆ ‘ಆಲ್ಟರ್ ಕೀಸ್ಪೇಸ್’ ಕಮಾಂಡ್ ಕೊಟ್ಟು ಎರಡೂ ಕಡೆ ರೆಪ್ಲಿಕೇಶನ್ ಫ್ಯಾಕ್ಟರ್ (ಎಷ್ಟು ಪ್ರತಿ ಇಡಬೇಕು ಅನ್ನೋದು) 3 ಮಾಡಿದರೆ ಅಲ್ಲಿಂದ ಮುಂದಿನ ರೈಟ್‌ಗಳಷ್ಟೇ ಎರಡೂ ಕಡೆ ಹೋಗುತ್ತವೆ. ಹಳೇ ಡೇಟಾ ತಾನಾಗಿ ಬರಲ್ಲ. ಕೋಲಾರದ ಪ್ರತಿ ನೋಡ್‌ನಲ್ಲೂ ‘ನೋಡ್‌ಟೂಲ್ ರೀಬಿಲ್ಡ್’ (ಹಳೇ ಡೇಟಾವನ್ನು ಇನ್ನೊಂದು ಡೇಟಾಸೆಂಟರ್‌ನಿಂದ ತರುವ ಕಮಾಂಡ್) ಓಡಿಸಬೇಕು, ಜೊತೆಗೆ ಮೂಲ ಡೇಟಾಸೆಂಟರ್‌ನ ಹೆಸರು ಕೊಡಲೇಬೇಕು. ನಾವು ಬಿಟ್ಟಿದ್ದು ಅದನ್ನೇ. ಹೆಸರಿಲ್ಲದಿದ್ದರೆ ಕಮಾಂಡ್ ಸಲೀಸಾಗಿ ಮುಗಿದ ಹಾಗೆ ಕಾಣುತ್ತೆ, ಡೇಟಾ ಮಾತ್ರ ಪೂರ್ತಿ ಬಂದಿರದೇ ಇರಬಹುದು. ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಕೂಡ ‘ನೋಡ್‌ಟೂಲ್ ಸ್ಟೇಟಸ್’ನಲ್ಲಿ ಇರುವ ಹಾಗೇ ಇರಬೇಕು. ಎರಡು ಊರುಗಳ ನಡುವಿನ ನೆಟ್‌ವರ್ಕ್ ಲಿಂಕ್ ನಿಧಾನವಾಗಿದ್ದರೆ ಒಂದೊಂದೇ ನೋಡ್ ಮಾಡಿ. ಎಷ್ಟು ಬಂತು ಅನ್ನೋದು ‘ನೋಡ್‌ಟೂಲ್ ನೆಟ್‌ಸ್ಟ್ಯಾಟ್ಸ್’ನಲ್ಲಿ ಸಿಗುತ್ತೆ. ಅದು ಮುಗಿಯೋ ತನಕ ಆಪ್‌ಗಳು ತುಮಕೂರಿನ ಜೊತೆಗೇ ಲೋಕಲ್ ಕ್ವೋರಂನಲ್ಲಿ (ಅದೇ ಡೇಟಾಸೆಂಟರ್‌ನ ಪ್ರತಿಗಳಲ್ಲಿ ಬಹುಪಾಲು ಉತ್ತರಿಸಿದರೆ ಸಾಕು ಅನ್ನೋ ಕ್ರಮ) ಮಾತಾಡಲಿ.

ಲಾಗಿನ್ ವಿವರ ಇರುವ ಸಿಸ್ಟಂ ಆತ್ ಕೀಸ್ಪೇಸನ್ನು ದಯವಿಟ್ಟು ಮರೀಬೇಡಿ. ಅದು ಕೋಲಾರದಲ್ಲಿ ಇಲ್ಲದಿದ್ದರೆ, ಲಿಂಕ್ ಕಡಿದಾಗ ಅಲ್ಲಿ ಲಾಗಿನ್ನಿಗೇ ತೊಂದರೆ.

ಇನ್ನೊಂದು: ಹಿಂಟ್‌ಗಳು (ಸಿಗದ ನೋಡ್‌ಗೆ ಆಮೇಲೆ ಕಳಿಸಲು ಇಟ್ಟ ರೈಟ್‌ಗಳು) ಡೀಫಾಲ್ಟ್ ಆಗಿ 3 ಗಂಟೆ ಮಾತ್ರ ಕೂಡಿಡಲ್ಪಡುತ್ತವೆ. ಲಿಂಕ್ ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ರಿಪೇರ್ (ಪ್ರತಿಗಳನ್ನು ಹೋಲಿಸಿ ಸರಿಮಾಡುವ ಕಮಾಂಡ್) ಓಡಿಸಿ, ಅದೂ ಡೀಫಾಲ್ಟ್ 10 ದಿನದ ಜಿಸಿ ಗ್ರೇಸ್ (ಅಳಿಸಿದ ಗುರುತನ್ನು ಇಟ್ಟುಕೊಳ್ಳುವ ಅವಧಿ) ಮುಗಿಯೋದರೊಳಗೆ. ತಡವಾದರೆ ಅಳಿಸಿದ ಸಾಲುಗಳು ಮತ್ತೆ ಎದ್ದು ಬರಬಹುದು.